ಸಾವಯವ ಅರೆವಾಹಕಗಳು: ಬೆಳಕು ಸೂಸುವ ಪರದೆ, ವಿದ್ಯುತ್ ಕೊಡುವ ಹಾಳೆ

ಕಾರ್ಬನ್ ಪರಮಾಣುಗಳ ಉಂಗುರ, ಸರಪಳಿಗಳಿಂದಾದ, ವಿದ್ಯುತ್ತನ್ನು ಮಿತವಾಗಿ ಹರಿಯಗೊಡುವ ಸಂಯುಕ್ತಗಳಿಗೆ ಸಾವಯವ ಅರೆವಾಹಕಗಳೆಂದು ಹೆಸರು. ವಿದ್ಯುತ್ ಹಾಯಿಸಿದಾಗ ಇವುಗಳಲ್ಲಿ ಕೆಲವು ಬೆಳಕು ಸೂಸುತ್ತವೆ. ಬೆಳಕು ಬಿದ್ದಾಗ ಮತ್ತೆ ಕೆಲವು ವಿದ್ಯುತ್ ಕೊಡುತ್ತವೆ. ಮೊದಲ ಗುಣದಿಂದ ಮೊಬೈಲ್ ಮತ್ತು ಟಿವಿಗಳ ಒಎಲ್‌ಇಡಿ ಪರದೆಗಳು ಹುಟ್ಟಿವೆ. ಎರಡನೆಯದರಿಂದ ಸಾವಯವ ಸೌರಕೋಶಗಳು. ಎರಡೂ ಒಂದೇ ಪ್ರಕ್ರಿಯೆಯ ಎರಡು ದಿಕ್ಕುಗಳಾದ್ದರಿಂದ ಅಣುಗಳನ್ನು ಒಟ್ಟಿಗೇ ವಿವರಿಸುವುದು ವಾಡಿಕೆ. ಭಾರತದಲ್ಲಿ ಈ ಕ್ಷೇತ್ರದ ಮುಖ್ಯ ನೆಲೆಗಳಲ್ಲಿ ಚೆನ್ನೈ ಒಂದು. ಒಎಲ್‌ಇಡಿ ಪರದೆಯ ಫೋನುಗಳು ನಗರದ ಹೊರವಲಯದ ಶ್ರೀಪೆರಂಬುದೂರಿನಲ್ಲಿ ಜೋಡಣೆಯಾಗುತ್ತವೆ. ಅಂಥ ಪರದೆಯನ್ನು ಇಲ್ಲಿಯೇ ತಯಾರಿಸುವುದು ಹೇಗೆಂಬ ಸಂಶೋಧನೆ ಅಡ್ಯಾರಿನ ಬಳಿಯ ಐಐಟಿ ಮದ್ರಾಸಿನಲ್ಲಿ ನಡೆದಿದೆ.

ರಚನೆ ಮತ್ತು ಗುಣ

ಸಾಮಾನ್ಯ ಪ್ಲಾಸ್ಟಿಕ್ ವಿದ್ಯುತ್ತನ್ನು ತಡೆಯುತ್ತದೆ. ಅದರ ಕಾರ್ಬನ್ ಪರಮಾಣುಗಳ ನಡುವಿನ ಎಲೆಕ್ಟ್ರಾನುಗಳು ತಮ್ಮ ತಮ್ಮ ಬಂಧಗಳಲ್ಲೇ ಸಿಕ್ಕಿಕೊಂಡಿರುತ್ತವೆ. ಏಕಬಂಧ, ದ್ವಿಬಂಧಗಳು ಒಂದಾದ ಮೇಲೊಂದರಂತೆ ಬರುವ ಅಣುಗಳಲ್ಲಿ ಸ್ಥಿತಿ ಬೇರೆ. ಅಲ್ಲಿ ದ್ವಿಬಂಧಗಳ ಸಡಿಲ ಎಲೆಕ್ಟ್ರಾನುಗಳು, ಅಂದರೆ ಪೈ ಎಲೆಕ್ಟ್ರಾನುಗಳು, ಇಡೀ ಅಣುವಿನ ಮೇಲೆ ಹರಡಿಕೊಳ್ಳುತ್ತವೆ. ಹರಹು ಹೆಚ್ಚಿದಷ್ಟೂ ಎಲೆಕ್ಟ್ರಾನನ್ನು ಮೇಲಿನ ಶಕ್ತಿಮಟ್ಟಕ್ಕೆ ಏರಿಸಲು ಬೇಕಾದ ಶಕ್ತಿ ಕಡಿಮೆಯಾಗುತ್ತದೆ. ಬೆಂಜೀನ್ ಉಂಗುರಗಳನ್ನು ಸಾಲಾಗಿ ಜೋಡಿಸುತ್ತ ಹೋದರೆ ಇದು ಕಣ್ಣಿಗೇ ಕಾಣುತ್ತದೆ. ಎರಡು ಉಂಗುರಗಳ ನ್ಯಾಫ್ತಲೀನ್, ಅಂದರೆ ಬಟ್ಟೆಯ ಬೀರುವಿನಲ್ಲಿಡುವ ಡಾಂಬರು ಗುಳಿಗೆ, ಬಿಳಿ. ಮೂರು ಉಂಗುರಗಳ ಆಂತ್ರಸೀನಿಗೂ ಹೆಚ್ಚು ಬಣ್ಣವಿಲ್ಲ. ನಾಲ್ಕರ ಟೆಟ್ರಾಸೀನ್ ಕಿತ್ತಳೆ, ಐದರ ಪೆಂಟಾಸೀನ್ ಕಡುನೀಲಿ.

ಕಣ್ಣಿಗೆ ಕಾಣುವ ಬೆಳಕಿನ ಕಣಗಳ ಶಕ್ತಿ ಸುಮಾರು 1.7ರಿಂದ 3.1 ಎಲೆಕ್ಟ್ರಾನ್ ವೋಲ್ಟ್. ಅಣುವಿನ ಶಕ್ತಿಮಟ್ಟಗಳ ಅಂತರ ಈ ವ್ಯಾಪ್ತಿಯಲ್ಲಿದ್ದರೆ ಅದು ಬಣ್ಣದ ವಸ್ತುವೂ ಹೌದು, ಬೆಳಕಿನ ಸಾಧನಕ್ಕೆ ಒದಗಬಹುದಾದ ಅರೆವಾಹಕವೂ ಹೌದು. ಈ ಕ್ಷೇತ್ರದ ಅನೇಕ ಅಣುಗಳು ಬಣ್ಣದ ಉದ್ಯಮದಿಂದ ಬಂದಿರುವುದಕ್ಕೆ ಕಾರಣ ಇದೇ. ಮೊದಲ ದಕ್ಷ ಸಾವಯವ ಸೌರಕೋಶದ ತಾಮ್ರದ ಥ್ಯಾಲೊಸಯನಿನ್ ಶಾಯಿ ಮತ್ತು ಪೇಂಟಿನ ನೀಲಿ. ಇಂದಿನ ಅನೇಕ ಪಾಲಿಮರ್‌ಗಳ ಬೆನ್ನೆಲುಬಾದ ಡೈಕೀಟೊಪಿರೊಲೊಪಿರೋಲ್ ಕಾರುಗಳಿಗೆ ಬಳಿಯುವ ಕೆಂಪು. ಹತ್ತೊಂಬತ್ತನೆಯ ಶತಮಾನದಲ್ಲಿ ಮದರಾಸು ಪ್ರಾಂತ್ಯದಿಂದ ಹಡಗೇರುತ್ತಿದ್ದ ಇಂಡಿಗೋ ನೀಲಿಯ ಅಣುವೂ ಈ ಸಾಲಿಗೆ ಸೇರುತ್ತದೆ. ಶುದ್ಧೀಕರಿಸಿದ ಇಂಡಿಗೋವಿನಲ್ಲಿ ಎಲೆಕ್ಟ್ರಾನುಗಳೂ, ಎಲೆಕ್ಟ್ರಾನ್ ತೆರವಾದ ಎಡೆಗಳಾದ ಧನ ಆವೇಶದ ರಂಧ್ರಗಳೂ ಚಲಿಸಬಲ್ಲವೆಂದು 2012ರಲ್ಲಿ ಆಸ್ಟ್ರಿಯಾದ ಲಿಂಝ್‌ನ ತಂಡವೊಂದು ಟ್ರಾನ್ಸಿಸ್ಟರ್ ಮಾಡಿ ತೋರಿಸಿತು.

ಸಿಲಿಕಾನಿಗೂ ಇವಕ್ಕೂ ಎರಡು ಮೂಲ ವ್ಯತ್ಯಾಸಗಳಿವೆ. ಸಿಲಿಕಾನ್ ಹರಳಿನಲ್ಲಿ ಎಲ್ಲ ಪರಮಾಣುಗಳೂ ಗಟ್ಟಿ ಬಂಧದಿಂದ ಬೆಸೆದಿರುತ್ತವೆ. ಸಾವಯವ ಘನದಲ್ಲಿ ಅಣುಗಳು ಒಂದಕ್ಕೊಂದು ಸಡಿಲವಾಗಿ ಅಂಟಿಕೊಂಡಿರುತ್ತವೆ. ಹಾಗಾಗಿ ಆವೇಶ ಅಣುವಿನಿಂದ ಅಣುವಿಗೆ ಜಿಗಿಯುತ್ತ ಸಾಗಬೇಕಾಗುತ್ತದೆ, ವೇಗ ಸಿಲಿಕಾನಿನದಕ್ಕಿಂತ ನೂರಾರು, ಎಷ್ಟೋ ವಸ್ತುಗಳಲ್ಲಿ ಲಕ್ಷಾಂತರ ಪಟ್ಟು ಕಡಿಮೆ. ಎರಡನೆಯದಾಗಿ, ಇಲ್ಲಿ ಎಲೆಕ್ಟ್ರಾನ್ ಮತ್ತು ರಂಧ್ರ ಒಂದನ್ನೊಂದು ಬಲವಾಗಿ ಸೆಳೆದು ಜೋಡಿಯಾಗುತ್ತವೆ. ಎಕ್ಸಿಟಾನ್ ಎಂಬ ಈ ಜೋಡಿಯನ್ನು ಬಿಡಿಸಲು ಬೇಕಾದ ಶಕ್ತಿ ಸಾಮಾನ್ಯವಾಗಿ 0.3ರಿಂದ 0.5 ಎಲೆಕ್ಟ್ರಾನ್ ವೋಲ್ಟ್. ಕೋಣೆಯ ಬಿಸಿಯಿಂದ ಸಿಗುವುದು ಕೇವಲ 0.025. ಪರದೆಗೆ ಈ ಬಿಗಿ ಜೋಡಿ ವರ, ಏಕೆಂದರೆ ಜೋಡಿ ಕೂಡಿ ಅಳಿದಾಗಲೇ ಬೆಳಕು ಹೊಮ್ಮುವುದು. ಸೌರಕೋಶಕ್ಕೆ ಅದೇ ತೊಡಕು, ಏಕೆಂದರೆ ಅಲ್ಲಿ ಜೋಡಿಯನ್ನು ಮುರಿದು ಆವೇಶಗಳನ್ನು ಬೇರೆ ಬೇರೆ ತುದಿಗೆ ಕಳಿಸಬೇಕು.

ಚರಿತ್ರೆ

ಆರೊಮ್ಯಾಟಿಕ್ ಹರಳುಗಳ ಭೌತಿಕ ಗುಣಗಳ ಅಧ್ಯಯನದಲ್ಲಿ ಭಾರತೀಯರು ಮೊದಲಿನಿಂದಲೂ ಇದ್ದಾರೆ. ತಮಿಳುನಾಡಿನ ವತ್ರಾಪಿನಲ್ಲಿ 1898ರಲ್ಲಿ ಹುಟ್ಟಿ, ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಯೋಗ ಸಹಾಯಕರಾಗಿದ್ದ ಕೆ. ಎಸ್. ಕೃಷ್ಣನ್, ಮುಂದೆ ಢಾಕಾ ಮತ್ತು ಕಲ್ಕತ್ತಗಳಲ್ಲಿ ನ್ಯಾಫ್ತಲೀನ್, ಆಂತ್ರಸೀನ್ ಮುಂತಾದ ಹರಳುಗಳ ಕಾಂತಗುಣ ಬೇರೆ ಬೇರೆ ದಿಕ್ಕಿನಲ್ಲಿ ಹೇಗೆ ಬದಲಾಗುತ್ತದೆಂದು 1930ರ ದಶಕದಲ್ಲಿ ಅಳೆದರು. ಚಪ್ಪಟೆ ಅಣುಗಳು ಹರಳಿನೊಳಗೆ ಯಾವ ಕೋನದಲ್ಲಿ ಮಲಗಿವೆ ಎಂಬುದು ಆ ಅಳತೆಗಳಿಂದ ತಿಳಿಯಿತು. ಆವೇಶ ಯಾವ ದಿಕ್ಕಿನಲ್ಲಿ ಸಲೀಸಾಗಿ ಸಾಗೀತು ಎಂಬುದನ್ನು ನಿರ್ಧರಿಸುವುದೂ ಇದೇ ಜೋಡಣೆ.

ಆಂತ್ರಸೀನ್ ಹರಳಿಗೆ ಸುಮಾರು 400 ವೋಲ್ಟ್ ಕೊಟ್ಟು ಬೆಳಕು ಬರಿಸಿದ ಪ್ರಯೋಗವನ್ನು ನ್ಯೂಯಾರ್ಕ್ ವಿಶ್ವವಿದ್ಯಾಲಯದ ಮಾರ್ಟಿನ್ ಪೋಪ್ ಮತ್ತು ಸಂಗಡಿಗರು 1963ರಲ್ಲಿ ವರದಿ ಮಾಡಿದರು. ವೋಲ್ಟೇಜಿನ ಮಟ್ಟ ನೋಡಿದರೆ ಅದು ಬಳಕೆಗೆ ಬರುವ ಸಾಧನವಾಗಿರಲಿಲ್ಲ. 1977ರಲ್ಲಿ ಹಿಡೆಕಿ ಶಿರಕಾವ, ಅಲನ್ ಮ್ಯಾಕ್‌ಡಯಾರ್ಮಿಡ್, ಅಲನ್ ಹೀಗರ್ ಇವರು ಅಯೋಡಿನ್ ಬೆರೆಸಿ ಪಾಲಿಅಸಿಟಿಲೀನಿನ ವಾಹಕತೆಯನ್ನು ಸುಮಾರು ಕೋಟಿ ಪಟ್ಟು ಏರಿಸಿದರು. ಮೂವರಿಗೂ 2000ದ ರಸಾಯನಶಾಸ್ತ್ರ ನೊಬೆಲ್ ಸಂದಿತು.

ನಿರ್ಣಾಯಕ ತಿರುವು ಅಮೆರಿಕದ ರಾಚೆಸ್ಟರ್‌ನ ಕೊಡಾಕ್ ಪ್ರಯೋಗಾಲಯದ್ದು. ಚಿಂಗ್ ಟ್ಯಾಂಗ್ 1986ರಲ್ಲಿ ಎರಡು ಬಣ್ಣವಸ್ತುಗಳ ಪದರ ಜೋಡಿಸಿ ಸುಮಾರು 1% ದಕ್ಷತೆಯ ಸೌರಕೋಶ ಮಾಡಿದರು. ಮರುವರ್ಷವೇ ಸ್ಟೀವನ್ ವ್ಯಾನ್ ಸ್ಲೈಕ್ ಜೊತೆ ಸೇರಿ ಎರಡು ಪದರಗಳ ಒಎಲ್‌ಇಡಿಯನ್ನು ಪ್ರಕಟಿಸಿದರು. ರಂಧ್ರಗಳನ್ನು ಸಾಗಿಸಲು ಒಂದು ಡೈಅಮೈನ್, ಎಲೆಕ್ಟ್ರಾನ್ ಸಾಗಿಸಿ ಹಸಿರು ಬೆಳಕು ಸೂಸಲು ಅಲ್ಯೂಮಿನಿಯಂನ ಹೈಡ್ರಾಕ್ಸಿಕ್ವಿನೊಲಿನ್ ಸಂಯುಕ್ತ. ಒಟ್ಟು ದಪ್ಪ ಸುಮಾರು 135 ನ್ಯಾನೊಮೀಟರ್ ಮಾತ್ರವಾದ್ದರಿಂದ 10 ವೋಲ್ಟಿಗಿಂತ ಕಡಿಮೆಯೇ ಸಾಕಾಯಿತು. ಒಂದೇ ಕೈಯಿಂದ ಒಂದು ವರ್ಷದ ಅಂತರದಲ್ಲಿ ಎರಡೂ ಸಾಧನಗಳು ಬಂದದ್ದು ಆಕಸ್ಮಿಕವಲ್ಲ: ಒಂದೊಂದು ಕೆಲಸಕ್ಕೆ ಒಂದೊಂದು ತೆಳು ಪದರ ಎಂಬ ಉಪಾಯ ಎರಡಕ್ಕೂ ಸಮಾನ. 1990ರಲ್ಲಿ ಕೇಂಬ್ರಿಜ್‌ನ ಜೆರೆಮಿ ಬರೋಸ್, ಡೊನಾಲ್ ಬ್ರ್ಯಾಡ್ಲಿ, ರಿಚರ್ಡ್ ಫ್ರೆಂಡ್ ಮೊದಲಾದವರು ದ್ರಾವಣವಾಗಿ ಬಳಿಯಬಹುದಾದ ಪಾಲಿಮರ್‌ನಿಂದಲೂ ಬೆಳಕು ಬರಿಸಿದರು.

ಮಾರುಕಟ್ಟೆಗೆ ಮೊದಲು ಬಂದದ್ದು 1997ರ ಪಯೊನಿಯರ್ ಕಾರ್ ಸ್ಟೀರಿಯೊದ ಪುಟ್ಟ ಪರದೆ. 2007ರಲ್ಲಿ ಸೋನಿಯ 11 ಇಂಚಿನ ಟಿವಿ, 2010ರಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್, 2017ರಲ್ಲಿ ಐಫೋನ್ ಟೆನ್ ಬಂದವು.

ಬೆಳಕು ಸೂಸುವ ಸಂಯುಕ್ತಗಳು

ಎಲೆಕ್ಟ್ರಾನ್ ಮತ್ತು ರಂಧ್ರ ಕೂಡಿದಾಗ ಅವುಗಳ ಸ್ಪಿನ್ ಹೊಂದಿಕೆಯ ಪ್ರಕಾರ ನಾಲ್ಕರಲ್ಲಿ ಒಂದು ಎಕ್ಸಿಟಾನ್ ಸಿಂಗ್ಲೆಟ್, ಮೂರು ಟ್ರಿಪ್ಲೆಟ್ ಆಗುತ್ತವೆ. ಸಾಧಾರಣ ಸಾವಯವ ಅಣುಗಳಲ್ಲಿ ಸಿಂಗ್ಲೆಟ್ ಮಾತ್ರ ಬೆಳಕಾಗುತ್ತದೆ, ಟ್ರಿಪ್ಲೆಟ್ ಶಾಖವಾಗಿ ಪೋಲಾಗುತ್ತದೆ. ಒಎಲ್‌ಇಡಿ ರಸಾಯನದ ಮೂರು ತಲೆಮಾರುಗಳನ್ನು ಬೇರ್ಪಡಿಸುವುದು ಈ 75% ನಷ್ಟದ ಪ್ರಶ್ನೆಯೇ.

ಮೊದಲ ತಲೆಮಾರು ಪ್ರತಿದೀಪ್ತಿಯ ಅಣುಗಳದು. ಟ್ಯಾಂಗ್ ಬಳಸಿದ ಅಲ್ಯೂಮಿನಿಯಂ ಸಂಯುಕ್ತ, ಆಂತ್ರಸೀನ್ ಮತ್ತು ಪೆರಿಲೀನ್ ಸಂತತಿ ಇದಕ್ಕೆ ಸೇರುತ್ತವೆ. ಎರಡನೆಯದು ಸ್ಫುರದೀಪ್ತಿಯದು. ಅಣುವಿನ ನಡುವೆ ಇರಿಡಿಯಂ ಅಥವಾ ಪ್ಲಾಟಿನಂನಂಥ ಭಾರಲೋಹ ಇಟ್ಟರೆ ಟ್ರಿಪ್ಲೆಟ್‌ಗೂ ಬೆಳಕಾಗುವ ದಾರಿ ತೆರೆಯುತ್ತದೆ. ಮಾರ್ಕ್ ಥಾಂಪ್ಸನ್ ಮತ್ತು ಸ್ಟೀಫನ್ ಫಾರೆಸ್ಟ್ ತಂಡ ಇದನ್ನು 1998ರಲ್ಲಿ ಪ್ಲಾಟಿನಂ ಪಾರ್ಫಿರಿನ್‌ನಲ್ಲಿ, 1999ರಲ್ಲಿ ಇರಿಡಿಯಂನ ಫೀನೈಲ್‌ಪಿರಿಡಿನ್ ಸಂಯುಕ್ತದಲ್ಲಿ ತೋರಿಸಿತು. ಇಂದಿನ ಫೋನುಗಳ ಕೆಂಪು ಮತ್ತು ಹಸಿರು ಈ ವರ್ಗದವು. ಮೂರನೆಯದು ಲೋಹವಿಲ್ಲದ ಉತ್ತರ. ಸಿಂಗ್ಲೆಟ್ ಮತ್ತು ಟ್ರಿಪ್ಲೆಟ್ ಮಟ್ಟಗಳ ಅಂತರವನ್ನು ತೀರಾ ಕಿರಿದಾಗಿಸಿದರೆ ಕೋಣೆಯ ಬಿಸಿಯಿಂದಲೇ ಟ್ರಿಪ್ಲೆಟ್ ಮೇಲೇರಿ ಸಿಂಗ್ಲೆಟ್ ಆಗಿ ಬೆಳಕು ಕೊಡುತ್ತದೆ. ಕ್ಯೂಷು ವಿಶ್ವವಿದ್ಯಾಲಯದ ಚಿಹಾಯಾ ಅದಾಚಿ ತಂಡ 2012ರಲ್ಲಿ ಕಾರ್ಬಜೋಲ್ ಮತ್ತು ಡೈಸಯನೊಬೆಂಜೀನ್ ಜೋಡಿಸಿದ ಅಣುಗಳಿಂದ ಇದನ್ನು ಸಾಧಿಸಿತು.

ನೀಲಿ ಮಾತ್ರ ಇನ್ನೂ ಕಾಡುತ್ತಿದೆ. ನೀಲಿ ಎಕ್ಸಿಟಾನಿನ ಶಕ್ತಿ ಸುಮಾರು 2.7 ಎಲೆಕ್ಟ್ರಾನ್ ವೋಲ್ಟ್. ಕಾರ್ಬನ್–ನೈಟ್ರೊಜನ್ ಬಂಧ ಮುರಿಯಲು ಬೇಕಾದದ್ದು ಇದಕ್ಕಿಂತ ಬಹಳ ಹೆಚ್ಚೇನಲ್ಲ. ದೀರ್ಘಕಾಲ ಬದುಕುವ ಎರಡು ಟ್ರಿಪ್ಲೆಟ್‌ಗಳು ಢಿಕ್ಕಿ ಹೊಡೆದರೆ ಅಣುವೇ ಒಡೆಯುವಷ್ಟು ಶಕ್ತಿ ಒಂದೆಡೆ ಸೇರುತ್ತದೆ. ಹಾಗಾಗಿ ಹೆಚ್ಚಿನ ಪರದೆಗಳಲ್ಲಿ ನೀಲಿಗೆ ಕಡಿಮೆ ದಕ್ಷತೆಯ, ಆದರೆ ಬಾಳಿಕೆ ಬರುವ ಪ್ರತಿದೀಪ್ತಿಯ ಅಣುಗಳೇ ಉಳಿದಿವೆ. ಹೈಡ್ರೊಜನ್ ಬದಲು ಡ್ಯೂಟೀರಿಯಂ ಕೂಡಿಸಿ ಬಂಧವನ್ನು ಗಟ್ಟಿಮಾಡುವುದು ಈಗ ಉದ್ಯಮದಲ್ಲಿ ರೂಢಿಗೆ ಬಂದಿರುವ ಉಪಾಯ. ಹುಟ್ಟಿದ ಬೆಳಕೆಲ್ಲ ಹೊರಬರುವುದೂ ಇಲ್ಲ. ಚಪ್ಪಟೆ ಗಾಜಿನ ಮೇಲಿನ ಸಾಧನದಲ್ಲಿ ಸುಮಾರು ಐದನೆಯ ಒಂದು ಭಾಗ ಮಾತ್ರ ಕಣ್ಣಿಗೆ ತಲಪುತ್ತದೆ, ಉಳಿದದ್ದು ಪದರಗಳೊಳಗೇ ಪ್ರತಿಫಲಿಸಿ ಕಳೆದುಹೋಗುತ್ತದೆ.

ಸೌರಕೋಶದ ಸಂಯುಕ್ತಗಳು

ಸಾವಯವ ಸೌರಕೋಶದಲ್ಲಿ ಎರಡು ವಸ್ತುಗಳಿರಲೇಬೇಕು: ಎಲೆಕ್ಟ್ರಾನ್ ಬಿಟ್ಟುಕೊಡುವ ದಾನಿ, ಅದನ್ನು ಪಡೆಯುವ ಗ್ರಾಹಿ. ಬೆಳಕು ಹೀರಿ ಹುಟ್ಟಿದ ಎಕ್ಸಿಟಾನ್ ಇವೆರಡೂ ಸಂಧಿಸುವ ಗಡಿಗೆ ತಲಪಿದರೆ ಮಾತ್ರ ಒಡೆಯುತ್ತದೆ. ಆದರೆ ಅದು ಅಳಿಯುವ ಮೊದಲು ಸಾಗುವ ದೂರ ಹತ್ತಾರು ನ್ಯಾನೊಮೀಟರ್ ಮೀರದು. ಬೆಳಕನ್ನು ಚೆನ್ನಾಗಿ ಹೀರಲು ಪದರ 100 ನ್ಯಾನೊಮೀಟರ್‌ನಷ್ಟಾದರೂ ದಪ್ಪವಿರಬೇಕು. ದಾನಿ, ಗ್ರಾಹಿಗಳನ್ನು ಒಂದೇ ದ್ರಾವಣದಲ್ಲಿ ಬೆರೆಸಿ, ಒಣಗುವಾಗ ಅವು ಒಂದರೊಳಗೊಂದು ಹೆಣೆದುಕೊಳ್ಳುವಂತೆ ಮಾಡಿ ಹೀಗರ್ ತಂಡ 1995ರಲ್ಲಿ ಈ ಬಿಕ್ಕಟ್ಟನ್ನು ಬಿಡಿಸಿತು. ಗಡಿ ಆಗ ಪದರದ ಉದ್ದಗಲಕ್ಕೂ ಹಬ್ಬಿತು.

ಮುಂದಿನ ಎರಡು ದಶಕ ಗ್ರಾಹಿಯ ಸ್ಥಾನದಲ್ಲಿ ಫುಲರೀನ್ ಸಂತತಿ, ದಾನಿಯ ಸ್ಥಾನದಲ್ಲಿ ಪಾಲಿಥಯೊಫೀನ್ ಬಳಗದ ಪಾಲಿಮರ್‌ಗಳು ಮೆರೆದವು. ಫುಲರೀನ್ ಎಲೆಕ್ಟ್ರಾನನ್ನು ಚುರುಕಾಗಿ ಹಿಡಿಯುತ್ತದೆ, ಆದರೆ ಬಿಸಿಲಿನ ಬೆಳಕನ್ನು ಹೀರುವುದು ಕಡಿಮೆ. 2015ರ ಹೊತ್ತಿಗೆ ಚೀನಾದ ತಂಡಗಳು ಉದ್ದನೆಯ ಬೆಸೆದ ಉಂಗುರಗಳ ಹೊಸ ಗ್ರಾಹಿಗಳನ್ನು ಕಟ್ಟಿದವು. 2019ರಲ್ಲಿ ಯಿಂಗ್‌ಪಿಂಗ್ ಝೌ ತಂಡದ ವೈ6 ಎಂಬ ಅಣು ಅವಕೆಂಪಿನವರೆಗೂ ಬೆಳಕು ಹೀರಿ 15.7% ದಕ್ಷತೆ ಕೊಟ್ಟಿತು. ಈಗ ಪ್ರಯೋಗಾಲಯದ ಚಿಕ್ಕ ಕೋಶಗಳು 20%ರ ಆಸುಪಾಸಿನಲ್ಲಿವೆ.

ಇದಕ್ಕೆ ಹತ್ತಿರದ ಇನ್ನೊಂದು ಬಗೆ ಬಣ್ಣಲೇಪಿತ ಕೋಶ. ಟೈಟಾನಿಯಂ ಡೈಆಕ್ಸೈಡಿನ ನ್ಯಾನೊಕಣಗಳ ಮೇಲೆ ಬಣ್ಣದ ಅಣುಗಳನ್ನು ಕೂರಿಸುವ ಈ ವಿಧಾನವನ್ನು ಬ್ರಯನ್ ಓರೆಗನ್ ಮತ್ತು ಮೈಕೆಲ್ ಗ್ರೆಟ್ಸೆಲ್ 1991ರಲ್ಲಿ ಪ್ರಕಟಿಸಿದರು. ಮಂದ ಬೆಳಕಿನಲ್ಲೂ, ಮನೆಯೊಳಗಿನ ದೀಪದಲ್ಲೂ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಹೆಚ್ಚು ಸಲಕರಣೆ ಬೇಡದ್ದರಿಂದ ದಕ್ಷಿಣ ಭಾರತದ ಕಾಲೇಜುಗಳಲ್ಲೂ ಇದರ ಸಂಶೋಧನೆ ಹರಡಿದೆ. 2009ರ ನಂತರ ಬೆಳೆದ ಪೆರೊವ್‌ಸ್ಕೈಟ್ ಸೌರಕೋಶದಲ್ಲಿ ಬೆಳಕು ಹೀರುವುದು ಸೀಸದ ಲವಣವಾದರೂ ರಂಧ್ರಗಳನ್ನು ಸಾಗಿಸುವ ಪದರ ಹೆಚ್ಚಾಗಿ ಒಎಲ್‌ಇಡಿ ಬಳಗದ ಸಾವಯವ ಅಣುವೇ.

ಬಿಲ್ಲೆಯಾಕಾರದ ಅಣುಗಳು

ಈ ಕ್ಷೇತ್ರಕ್ಕೆ ಕರ್ನಾಟಕದಿಂದ ಸಂದ ಮೂಲಭೂತ ಕೊಡುಗೆ ಬಿಲ್ಲೆಯಾಕಾರದ ದ್ರವಹರಳು, ಅಂದರೆ ದ್ರವದಂತೆ ಹರಿದರೂ ಅಣುಗಳು ಹರಳಿನಂತೆ ಸಾಲುಗೂಡುವ ವಸ್ತು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಚಂದ್ರಶೇಖರ್, ಬಿ. ಕೆ. ಸದಾಶಿವ, ಕೆ. ಎ. ಸುರೇಶ್ 1977ರಲ್ಲಿ 'ಪ್ರಮಾಣ' ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದರು. ಅಲ್ಲಿಯವರೆಗೆ ಕಡ್ಡಿಯಂಥ ಉದ್ದ ಅಣುಗಳಷ್ಟೇ ದ್ರವಹರಳಾಗುತ್ತವೆಂಬ ಎಣಿಕೆಯಿತ್ತು. ಬೆಂಜೀನ್ ಉಂಗುರಕ್ಕೆ ಆರೂ ಕಡೆ ಉದ್ದ ಬಾಲ ಕೂಡಿಸಿದ ಅಣುಗಳು ನಾಣ್ಯಗಳ ಅಟ್ಟಿಯಂತೆ ಒಂದರ ಮೇಲೊಂದು ಕೂತು ಕಂಬಗಳಾಗುತ್ತವೆಂದು ಇವರು ತೋರಿಸಿದರು. ಕಂಬದ ನಡುವೆ ಪೈ ಎಲೆಕ್ಟ್ರಾನುಗಳ ದಾರಿ, ಸುತ್ತ ವಿದ್ಯುತ್ ಹಾಯದ ಬಾಲಗಳ ಹೊದಿಕೆ. ಇಂಥ ಅಣುಗಳಲ್ಲಿ ಆವೇಶ ಬಹು ವೇಗವಾಗಿ ಸಾಗುವುದೆಂದು 1994ರಲ್ಲಿ ಜರ್ಮನಿಯಲ್ಲಿ ಅಳೆಯಲಾಯಿತು. 2001ರಲ್ಲಿ ಬಿಲ್ಲೆಯಾಕಾರದ ಹೆಕ್ಸಾಬೆಂಜೊಕೊರೊನೀನ್ ಮತ್ತು ಪೆರಿಲೀನ್ ಬೆರೆಸಿದ ಸೌರಕೋಶ ಬಂತು. ಟ್ರೈಫಿನೈಲೀನ್ ಬಿಲ್ಲೆಗಳ ತೆಳು ಹಾಳೆ ಎಲ್‌ಸಿಡಿ ಪರದೆಗಳನ್ನು ಓರೆಯಿಂದ ನೋಡಿದಾಗಲೂ ಸ್ಪಷ್ಟವಾಗಿ ಕಾಣಿಸಲು ಬಳಕೆಯಾಯಿತು. ರಾಮನ್ ಸಂಸ್ಥೆಯಲ್ಲಿ ಸಂದೀಪ್ ಕುಮಾರ್ ಈ ಬಗೆಯ ಅಣುಗಳ ಸಂಶ್ಲೇಷಣೆಯನ್ನು ದಶಕಗಳ ಕಾಲ ಮುಂದುವರಿಸಿದರು. ಚಂದ್ರಶೇಖರ್ 1991ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ದ್ರವಹರಳು ಸಂಶೋಧನಾ ಕೇಂದ್ರ ಇಂದು ನ್ಯಾನೊ ಮತ್ತು ಮೃದುವಸ್ತು ವಿಜ್ಞಾನ ಕೇಂದ್ರವಾಗಿದೆ.

ತಯಾರಿಕೆ, ಶುದ್ಧತೆ, ಬಾಳಿಕೆ

ಬಣ್ಣದ ಕಾರ್ಖಾನೆಗೆ ಸಾಕಾಗುವ ಶುದ್ಧತೆ ಇಲ್ಲಿ ಸಾಲದು. ಹೊರ ಅಣುವೊಂದು ಸೇರಿದರೆ ಅದು ಆವೇಶ ಸಿಕ್ಕಿಬೀಳುವ ಗುಂಡಿಯಾಗುತ್ತದೆ. ಹೀಗಾಗಿ ಸಂಶ್ಲೇಷಿಸಿದ ವಸ್ತುವನ್ನು ನಿರ್ವಾತದಲ್ಲಿ ಕಾಯಿಸಿ, ಆವಿಯಾಗಿಸಿ, ಮತ್ತೆ ಘನವಾಗಿಸುವ ಉತ್ಪತನ ಕ್ರಿಯೆಯನ್ನು ಹಲವು ಸಲ ನಡೆಸುತ್ತಾರೆ. ಫೋನಿನ ಪರದೆ ತಯಾರಿಸುವಾಗ ಚಿಕ್ಕ ಅಣುಗಳನ್ನು ಹೆಚ್ಚಿನ ನಿರ್ವಾತದಲ್ಲಿ ಆವಿಯಾಗಿಸಿ, ಅತಿ ಸೂಕ್ಷ್ಮ ರಂಧ್ರಗಳ ಲೋಹದ ತೆಳು ಮುಖವಾಡದ ಮೂಲಕ ಕೆಂಪು, ಹಸಿರು, ನೀಲಿ ಚುಕ್ಕೆಗಳಾಗಿ ಕೂರಿಸಲಾಗುತ್ತದೆ. ಆವಿಯ ಬಹುಪಾಲು ಮುಖವಾಡಕ್ಕೂ ಕೋಣೆಯ ಗೋಡೆಗೂ ಅಂಟಿ ವ್ಯರ್ಥವಾಗುತ್ತದೆ. ಪಾಲಿಮರ್‌ಗಳನ್ನು ಶಾಯಿಯಂತೆ ಮುದ್ರಿಸಬಹುದು. ಸೌರಹಾಳೆಗಳನ್ನು ಪ್ಲಾಸ್ಟಿಕ್ ಸುರುಳಿಯ ಮೇಲೆ ಓಡಿಸುತ್ತಲೇ ಬಳಿಯಬಹುದು.

ಬಾಳಿಕೆಯ ಶತ್ರುಗಳು ನೀರಾವಿ ಮತ್ತು ಆಮ್ಲಜನಕ. ಋಣಾಗ್ರದ ಲೋಹ ನೀರಾವಿಯೊಂದಿಗೆ ವರ್ತಿಸಿ ಪದರದಿಂದ ಮೇಲೇಳುತ್ತದೆ; ಪರದೆಯಲ್ಲಿ ಅಲ್ಲಲ್ಲಿ ಕಪ್ಪು ಚುಕ್ಕೆ ಕಾಣಿಸಿಕೊಂಡು ಹರಡುತ್ತದೆ. ಒಎಲ್‌ಇಡಿಯ ಹೊದಿಕೆ ಒಂದು ಚದರ ಮೀಟರಿಗೆ ದಿನಕ್ಕೆ ಒಂದು ಗ್ರಾಮಿನ ಹತ್ತು ಲಕ್ಷದ ಒಂದು ಭಾಗಕ್ಕಿಂತ ಹೆಚ್ಚು ನೀರಾವಿಯನ್ನು ಒಳಬಿಡಬಾರದೆಂಬುದು ಅಂಗೀಕೃತ ಗುರಿ. ಬರಿಯ ಪಾಲಿಎಸ್ಟರ್ ಹಾಳೆ ಇದರ ಲಕ್ಷಾಂತರ ಪಟ್ಟು ಬಿಡುತ್ತದೆ. ಗಾಜಿನಿಂದ ಮುಚ್ಚುವುದು ಸುಲಭ, ಆದರೆ ಮಡಿಸುವ ಪರದೆಗೂ ಬಾಗುವ ಸೌರಹಾಳೆಗೂ ಗಾಜು ಒಗ್ಗದು. ಆದ್ದರಿಂದ ಆಕ್ಸೈಡ್ ಮತ್ತು ಪಾಲಿಮರ್ ಪದರಗಳನ್ನು ಒಂದರ ಮೇಲೊಂದು ಹೇರುವ ತಂತ್ರ ಬಂದಿದೆ. ವರ್ಷದ ಬಹುಭಾಗ ಬೆವರಿಳಿಸುವ ಚೆನ್ನೈನಂಥ ಕರಾವಳಿ ನಗರದಲ್ಲಿ ಸೌರಹಾಳೆಗೆ ಇದೇ ಕಠಿಣ ಪರೀಕ್ಷೆ: ಬಿಸಿಲು, ಉಷ್ಣ, ಉಪ್ಪುಗಾಳಿ, ತೇವ ಒಟ್ಟಿಗೇ ಬಂದೆರಗುತ್ತವೆ.

ಚೆನ್ನೈ

1959ರಲ್ಲಿ ಪಶ್ಚಿಮ ಜರ್ಮನಿಯ ನೆರವಿನಿಂದ ಆರಂಭವಾದ ಐಐಟಿ ಮದ್ರಾಸ್ ಇಲ್ಲಿನ ಕೆಲಸದ ಕೇಂದ್ರಬಿಂದು. ಅದರ ವಿದ್ಯುತ್ ಎಂಜಿನಿಯರಿಂಗ್ ವಿಭಾಗದಲ್ಲಿ ಸಾವಯವ ಟ್ರಾನ್ಸಿಸ್ಟರ್, ಒಎಲ್‌ಇಡಿ, ಸೌರಕೋಶಗಳ ಸಂಶೋಧನೆ ಬೆಳೆದುಬಂದಿದೆ. 2024ರ ಮಾರ್ಚ್‌ನಲ್ಲಿ ಕೇಂದ್ರ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ, ಡಿಆರ್‌ಡಿಒ ಮತ್ತು ಟಾಟಾ ಸನ್ಸ್ ನೆರವಿನಿಂದ ಅಮೊಲೆಡ್ ಸಂಶೋಧನಾ ಕೇಂದ್ರ ಅಲ್ಲಿ ಉದ್ಘಾಟನೆಯಾಯಿತು. ಅಮೊಲೆಡ್ ಎಂದರೆ ಪ್ರತಿ ಚುಕ್ಕೆಯ ಹಿಂದೆ ತೆಳುಪದರದ ಟ್ರಾನ್ಸಿಸ್ಟರ್‌ಗಳಿರುವ ಒಎಲ್‌ಇಡಿ ಪರದೆ. ಒಎಲ್‌ಇಡಿಯ ಹೊಳಪು ಹರಿಯುವ ವಿದ್ಯುತ್ತಿನ ಪ್ರಮಾಣವನ್ನು ಅವಲಂಬಿಸಿರುವುದರಿಂದ ಟ್ರಾನ್ಸಿಸ್ಟರ್‌ಗಳಲ್ಲಿ ಸಣ್ಣ ಏರುಪೇರಾದರೂ ಪರದೆಯಲ್ಲಿ ಕಲೆ ಕಾಣುತ್ತದೆ. ಅಣುವಿನ ರಸಾಯನ, ಟ್ರಾನ್ಸಿಸ್ಟರ್, ನಿರ್ವಾತ ತಂತ್ರ, ಮುಚ್ಚುವಿಕೆ ಒಂದೇ ಸೂರಿನಡಿ ಬರಬೇಕಾದ ಕಾರಣ ಇಂಥ ಕೇಂದ್ರಕ್ಕೆ ಮಹತ್ವವಿದೆ. ದೇಶದಲ್ಲಿ ಈ ದಿಕ್ಕಿನ ಮೊದಲ ಹೆಜ್ಜೆಗಳು ಐಐಟಿ ಕಾನ್ಪುರದ ಪರದೆ ತಂತ್ರಜ್ಞಾನ ಕೇಂದ್ರದಲ್ಲಿ ಮೂಡಿದ್ದವು.

ಅಣ್ಣಾ ವಿಶ್ವವಿದ್ಯಾಲಯದ ಹರಳು ಬೆಳವಣಿಗೆ ಕೇಂದ್ರ ಸಾವಯವ ಹರಳುಗಳನ್ನು ಬೆಳೆಸುವುದರಲ್ಲಿ ಹೆಸರಾಗಿದೆ. ಅಲ್ಲಿ ದುಡಿದ ಪಿ. ರಾಮಸಾಮಿ ಮುಂದೆ ಕಳವಾಕ್ಕಂನ ಎಸ್‌ಎಸ್‌ಎನ್ ಕಾಲೇಜಿನಲ್ಲಿ ಹರಳುಗಳ ಜೊತೆಗೆ ಬಣ್ಣಲೇಪಿತ ಸೌರಕೋಶಗಳ ಸಂಶೋಧನೆಯನ್ನೂ ಬೆಳೆಸಿದರು.

ಉದ್ಯಮದ ಚಿತ್ರ ಇದಕ್ಕಿಂತ ಬೇರೆ. ಶ್ರೀಪೆರಂಬುದೂರಿನಲ್ಲಿ ಫಾಕ್ಸ್‌ಕಾನ್ 2022ರಲ್ಲಿ ಐಫೋನ್ 14ರ ಜೋಡಣೆ ಆರಂಭಿಸಿತು. ಕರ್ನಾಟಕದಲ್ಲಿ ಕೋಲಾರದ ನರಸಾಪುರ, ಬೆಂಗಳೂರು ಗ್ರಾಮಾಂತರದ ದೇವನಹಳ್ಳಿಗಳಲ್ಲೂ ಐಫೋನ್ ಜೋಡಣೆ ನಡೆಯುತ್ತದೆ. ಆದರೆ ಒಎಲ್‌ಇಡಿ ಫಲಕಗಳು ಮುಖ್ಯವಾಗಿ ಕೊರಿಯಾ ಮತ್ತು ಚೀನಾಗಳಿಂದ ಬರುತ್ತವೆ.

ಕರ್ನಾಟಕದ ಇತರ ಸಂಶೋಧನೆ

ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಕೆ. ಎಸ್. ನಾರಾಯಣ್ ತಂಡ ಪಾಲಿಮರ್ ಸೌರಕೋಶಗಳ ಮೇಲೆ ದೀರ್ಘಕಾಲ ಕೆಲಸ ಮಾಡಿದೆ. ಸೌರಕೋಶದಂಥದೇ ಪಾಲಿಮರ್ ಪದರವನ್ನು ಕೋಳಿ ಭ್ರೂಣದ, ಇನ್ನೂ ಬೆಳಕನ್ನು ಗ್ರಹಿಸಲಾಗದ ಅಕ್ಷಿಪಟಲಕ್ಕೆ ತಾಗಿಸಿ, ಬೆಳಕು ಬಿದ್ದಾಗ ನರಸಂಕೇತ ಹುಟ್ಟುವುದನ್ನು ಈ ತಂಡ 2014ರಲ್ಲಿ ತೋರಿಸಿತು. ಅಲ್ಲಿಯೇ ಸುಬಿ ಜಾರ್ಜ್ ತಂಡ ಲೋಹವಿಲ್ಲದ ಅಣುಗಳಿಂದ ಕೋಣೆಯ ಉಷ್ಣತೆಯಲ್ಲೇ ಸ್ಫುರದೀಪ್ತಿ ಪಡೆಯುವ ದಾರಿಗಳನ್ನು ಕಂಡುಕೊಂಡಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಸ್. ರಾಮಶೇಷ ಪಾಲಿಮರ್‌ಗಳಲ್ಲಿ ಸಿಂಗ್ಲೆಟ್, ಟ್ರಿಪ್ಲೆಟ್ ಹುಟ್ಟುವ ಪ್ರಮಾಣದ ಸಿದ್ಧಾಂತ ಕಟ್ಟಿದರು. ಸತೀಶ್ ಪಾಟೀಲ್ ಡೈಕೀಟೊಪಿರೊಲೊಪಿರೋಲ್ ಪಾಲಿಮರ್‌ಗಳನ್ನು ರೂಪಿಸಿದರು. ಪ್ರವೀಣ್ ರಾಮಮೂರ್ತಿ ಸಾಧನಗಳನ್ನು ತೇವದಿಂದ ಕಾಯುವ ಹೊದಿಕೆಗಳತ್ತ ಗಮನ ಹರಿಸಿದರು. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಎ. ವಿ. ಅಧಿಕಾರಿ ತಂಡ ಸೌರಕೋಶಗಳಿಗೆ ಲೋಹರಹಿತ ಕಾರ್ಬಜೋಲ್ ಬಣ್ಣಗಳನ್ನು ಸಂಶ್ಲೇಷಿಸಿದೆ.

ಸ್ಥಾನ ಮತ್ತು ಮಿತಿ

ಎರಡೂ ಸಾಧನಗಳ ಭಾಗ್ಯ ಒಂದೇ ಬಗೆಯದಾಗಿಲ್ಲ. ಪರದೆಯಲ್ಲಿ ಸಾವಯವ ಅಣುಗಳು ಗೆದ್ದಿವೆ. ಫೋನನ್ನು ಜನ ನಾಲ್ಕೈದು ವರ್ಷಕ್ಕೆ ಬದಲಿಸುತ್ತಾರೆ, ಗಾಜಿನ ಹಿಂದೆ ಅದು ಸುರಕ್ಷಿತ, ಚದರ ಸೆಂಟಿಮೀಟರಿಗೆ ಸಿಗುವ ಬೆಲೆಯೂ ಹೆಚ್ಚು. ಸೌರಫಲಕಕ್ಕೆ 25 ವರ್ಷದ ಬಾಳಿಕೆ ಬೇಕು, ಬಿಸಿಲಲ್ಲೇ ಬಿದ್ದಿರಬೇಕು, ಬೆಲೆ ಅಗ್ಗವಿರಬೇಕು. ತಮಿಳುನಾಡಿನ ಕಮುದಿಯ 648 ಮೆಗಾವ್ಯಾಟ್ ಸ್ಥಾವರವಾಗಲಿ, ತುಮಕೂರು ಜಿಲ್ಲೆ ಪಾವಗಡದ 2,050 ಮೆಗಾವ್ಯಾಟ್ ಉದ್ಯಾನವಾಗಲಿ ಇಂಥ ಬಯಲು ಸ್ಥಾವರಗಳಲ್ಲಿ ಸಾವಯವ ಕೋಶಕ್ಕೆ ಸದ್ಯಕ್ಕೆ ಸ್ಥಳವಿಲ್ಲ. ಹಗುರವೂ ಅರೆಪಾರದರ್ಶಕವೂ ಆಗಿರುವುದು ಬೇಕಾದೆಡೆ, ಅಂದರೆ ಕಟ್ಟಡಗಳ ಕಿಟಕಿಗಾಜು, ಹಸಿರುಮನೆಯ ಚಾವಣಿ, ಮನೆಯೊಳಗಿನ ಬೆಳಕಿನಲ್ಲೇ ನಡೆಯುವ ಚಿಕ್ಕ ಸಂವೇದಕಗಳಲ್ಲಿ ಅದಕ್ಕೆ ಅವಕಾಶವಿದೆ.

ದಕ್ಷಿಣ ಭಾರತದ ಮಟ್ಟಿಗೆ ಕೊರತೆಯಿರುವುದು ಅಣುಗಳನ್ನು ಕಲ್ಪಿಸುವ ರಸಾಯನದಲ್ಲಲ್ಲ. ಅವನ್ನು ಕಿಲೋಗಟ್ಟಲೆ ಒಂದೇ ಶುದ್ಧತೆಯಲ್ಲಿ ತಯಾರಿಸುವುದು, ದೊಡ್ಡ ಗಾಜಿನ ಮೇಲೆ ಏಕರೂಪವಾಗಿ ಕೂರಿಸುವುದು, ತೇವ ನುಸುಳದಂತೆ ಮುಚ್ಚುವುದು ಈ ಮೂರೂ ಭಾರಿ ಬಂಡವಾಳ ಬೇಡುವ ಕೆಲಸಗಳು. ಚೆನ್ನೈನ ಸಂಶೋಧನಾ ಕೇಂದ್ರದಂಥವು ಎಷ್ಟು ಫಲ ಕೊಡುತ್ತವೆ ಎಂಬುದನ್ನು ಪ್ರಯೋಗಾಲಯದ ಚಿಕ್ಕ ಕೋಶದ ದಕ್ಷತೆಗಿಂತ ಹೆಚ್ಚಾಗಿ ಈ ಮೂರು ಕೆಲಸಗಳೇ ತೀರ್ಮಾನಿಸುತ್ತವೆ.